ಇಪ್ಪತ್ತಾರು ಮನೆ, ನಲವತ್ತೊಂಬತ್ತು ಅಕ್ಷರ

ಇಂಗ್ಲಿಷ್ ಕೀಲಿಮಣೆಯಲ್ಲಿ ಅಕ್ಷರದ ಕೀಲಿಗಳು 26. ಕನ್ನಡ ವರ್ಣಮಾಲೆಯಲ್ಲಿ ಅಕ್ಷರಗಳು 49: ಸ್ವರ 13, ಯೋಗವಾಹ 2, ವ್ಯಂಜನ 34. ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. 34 ವ್ಯಂಜನಗಳಿಗೆ 13 ಸ್ವರಗಳನ್ನು ಸೇರಿಸಿದರೆ ಗುಣಿತಾಕ್ಷರಗಳೇ 442. ಒಂದು ವ್ಯಂಜನಕ್ಕೆ ಇನ್ನೊಂದರ ಒತ್ತು ಕೊಡಬಹುದಾದ ರೀತಿಗಳು 34 × 34, ಅಂದರೆ 1,156. ಅವಕ್ಕೂ ಸ್ವರ ಸೇರಿಸಿದರೆ 15,028. ಇವುಗಳಲ್ಲಿ ಬಹುಪಾಲು ನಮ್ಮ ಮಾತಿನಲ್ಲಿ ಬರುವುದೇ ಇಲ್ಲ, ನಿಜ. ಆದರೆ ಬರುವಷ್ಟನ್ನಾದರೂ 26 ಕೀಲಿಗಳಿಂದ ಬರೆಸುವುದು ಹೇಗೆ?

ಗಣಿತ ಓದುವವರಿಗೆ ಇದು ಒಳ್ಳೆಯ ಒಗಟು. ಇದನ್ನು ಸೊಗಸಾಗಿ ಬಿಡಿಸಿದವರು ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರಿಗೂ ಪರಿಚಿತವಾದ ಹೆಸರಿನಲ್ಲಿ ಕೆ.ಪಿ. ರಾವ್. ಈ ಸಂಚಿಕೆಗೆ ಬೋಧನಾಭ್ಯಾಸದ ಅನುಭವ ಬರೆಯಿರಿ ಎಂದು ಹೇಳಿದಾಗ ಅವರನ್ನು ನೆನೆಯದೆ ಬರೆಯಲು ನನಗೆ ಆಗಲಿಲ್ಲ. ಕೈವಾರದ ಪ್ರೌಢಶಾಲೆಯೊಂದರಲ್ಲಿ 9ನೇ ತರಗತಿಗೆ ನಾನು ಮಾಡಿದ ಸಂಖ್ಯಾಶಾಸ್ತ್ರದ ಎರಡು ಪಾಠಗಳು ಅವರ ಕೀಲಿಮಣೆಯ ಮೇಲೆಯೇ ನಡೆದವು.

ರಾವ್ ಅವರು ಹುಟ್ಟಿದ್ದು 1940ರಲ್ಲಿ. ಹೆಸರಿನ ಮೊದಲಿಗಿರುವ ಕಿನ್ನಿಕಂಬಳ ದಕ್ಷಿಣ ಕನ್ನಡದ ಊರು. ಅವರ ಕೆಲಸದ ದಾರಿಯನ್ನು ನೋಡಿದರೆ ನಮ್ಮ ಕಡೆಯ ಹಿರಿಯರು "ಇವರು ಒಂದು ಥರ" ಎಂದು ಹೇಳಿಯಾರು. ವಿಜ್ಞಾನ ಓದಿ ಮುಂಬೈ ಸೇರಿದವರು ಸಿಂಧೂ ನಾಗರಿಕತೆಯ ಮುದ್ರೆಗಳ ಮೇಲಿನ ಚಿಹ್ನೆಗಳನ್ನು ಕಂಪ್ಯೂಟರಿಗೆ ಹೊಂದಿಸುವ ಕೆಲಸದಲ್ಲಿ ಕೈಜೋಡಿಸಿದರು. ಆ ಲಿಪಿಯನ್ನು ಒಪ್ಪುವಂತೆ ಓದಿದವರು ಇವತ್ತಿಗೂ ಇಲ್ಲ. ಓದಲು ಬಾರದ ಲಿಪಿಯಿಂದ ಅಚ್ಚಿನ ಲೋಕಕ್ಕೆ ಬಂದು, ಸೀಸದ ಮೊಳೆಗಳು ಹೋಗಿ ಫೋಟೋ ಟೈಪ್‌ಸೆಟ್ಟಿಂಗ್ ಬರುತ್ತಿದ್ದ ಕಾಲದಲ್ಲಿ ಭಾರತೀಯ ಭಾಷೆಗಳ ಅಕ್ಷರ ಜೋಡಣೆಯ ಮೇಲೆ ಕೆಲಸ ಮಾಡಿದರು. ಅಲ್ಲಿಂದ ಕನ್ನಡದ ಕೀಲಿಮಣೆ. ತಮ್ಮ ಕನ್ನಡ ತಂತ್ರಾಂಶಕ್ಕೆ 'ಸೇಡಿಯಾಪು' ಎಂದು ಹೆಸರಿಟ್ಟರು. ಸೇಡಿಯಾಪು ಕೃಷ್ಣಭಟ್ಟರು ಛಂದಸ್ಸಿನ ದೊಡ್ಡ ವಿದ್ವಾಂಸರು. ಕಂಪ್ಯೂಟರ್ ಪ್ರೋಗ್ರಾಮಿಗೆ ಛಂದಸ್ಸಿನ ಪಂಡಿತರ ಹೆಸರಿಡುವ ಮನಸ್ಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಮಾರಲೂ ಇಲ್ಲ, ಬೇಕಾದವರಿಗೆ ಉಚಿತವಾಗಿ ಕೊಟ್ಟರು. ರಾಜ್ಯ ಸರ್ಕಾರ ಒಪ್ಪಿಕೊಂಡ, 'ನುಡಿ' ತಂತ್ರಾಂಶದಲ್ಲಿ ನಾವು ದಿನವೂ ಬಳಸುವ ಕೀಲಿಮಣೆಯ ವಿನ್ಯಾಸಕ್ಕೆ ಆಧಾರ ಅವರದೇ.

ಆ ವಿನ್ಯಾಸದ ಗುಟ್ಟು ಏನು? ಹಳೆಯ ಬೆರಳಚ್ಚು ಯಂತ್ರ ಅಕ್ಷರವನ್ನು ಆಕಾರವಾಗಿ ನೋಡುತ್ತಿತ್ತು. ತಲೆಕಟ್ಟು, ಕೊಂಬು, ಇಳಿ, ಒತ್ತು ಎಂದು ತುಂಡುಗಳನ್ನು ಇಟ್ಟುಕೊಂಡು ಅವನ್ನು ಕಾಗದದ ಮೇಲೆ ಕೂಡಿಸಬೇಕಿತ್ತು. ರಾವ್ ಅವರ ವಿನ್ಯಾಸ ಅಕ್ಷರವನ್ನು ಉಚ್ಚಾರಣೆಯಾಗಿ ನೋಡುತ್ತದೆ. ಬಾಯಲ್ಲಿ ಯಾವ ಕ್ರಮದಲ್ಲಿ ಹೇಳುತ್ತೇವೋ ಅದೇ ಕ್ರಮದಲ್ಲಿ ಒತ್ತಬೇಕು. ಆಕಾರ ಕೂಡಿಸುವ ಕೆಲಸ ಕಂಪ್ಯೂಟರಿನದು. ಕೆ ಒತ್ತಿದರೆ ಕ. ಅದರ ಮೇಲೆ ಐ ಒತ್ತಿದರೆ ಕಿ, ಯು ಒತ್ತಿದರೆ ಕು. ದೀರ್ಘ ಬೇಕೆಂದರೆ ಶಿಫ್ಟ್ ಹಿಡಿದು ಅದೇ ಕೀಲಿ. ಮಹಾಪ್ರಾಣವೂ ಹಾಗೆಯೇ: ಕೆ ಕೀಲಿಯಲ್ಲಿ ಕ, ಶಿಫ್ಟ್ ಹಿಡಿದರೆ ಖ, ಜಿ ಕೀಲಿಯಲ್ಲಿ ಗ ಮತ್ತು ಘ. ಟಿ ಕೀಲಿ ತ ಮತ್ತು ಥ ಗಳಿಗೆ ಹೋದದ್ದರಿಂದ ಟ, ಠ ಗಳಿಗೆ ಕ್ಯೂ ಕೀಲಿ. ಡಿ ಕೀಲಿ ದ, ಧ ಗಳಿಗೆ ಹೋದದ್ದರಿಂದ ಡ, ಢ ಗಳಿಗೆ ಡಬ್ಲ್ಯು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಎಫ್ ಕೀಲಿ. ಇಂಗ್ಲಿಷಿನ ಎಫ್ ಧ್ವನಿ ಕನ್ನಡದ ಸ್ವಂತ ಪದಗಳಲ್ಲಿ ಇಲ್ಲ. ಹಾಗಾಗಿ ಕೀಲಿ ಖಾಲಿ. ಆ ಖಾಲಿ ಕೀಲಿಗೆ ಸಿಕ್ಕಿದ ಕೆಲಸ ಅಕ್ಷರದೊಳಗಿನ ಅಕಾರವನ್ನು ತೆಗೆಯುವುದು, ಮುಂದಿನ ವ್ಯಂಜನವನ್ನು ಒತ್ತಾಗಿ ಸೇರಿಸುವುದು. ಟ, ಎಫ್, ಟ: ಟ್ಟ. ಡ, ಎಫ್, ಲ: ಡ್ಲ. ಸಾವಿರಾರು ಒತ್ತಕ್ಷರಗಳ ಭಾರ ಒಂದೇ ಕೀಲಿಯ ಮೇಲೆ. ಈಗ ಲೆಕ್ಕ ನೋಡಿ. ಶಿಫ್ಟ್ ಸೇರಿ 26 ಕೀಲಿಗಳಿಗೆ 52 ಮನೆ. ವರ್ಣಮಾಲೆಗೆ 49, ಕೂಡಿಸುವ ಎಫ್‌ಗೆ 1, ಒಟ್ಟು 50. ಎರಡು ಮನೆ ಉಳಿದವು! ಮೊದಲ ಸಾಲಿನಲ್ಲಿ ಹೆದರಿಸಿದ ಲೆಕ್ಕ ಹೀಗೆ ಮುಗಿಯುತ್ತದೆ. ಕಂಪ್ಯೂಟರುಗಳಲ್ಲಿ ಪ್ರಪಂಚದ ಲಿಪಿಗಳನ್ನೆಲ್ಲ ಶೇಖರಿಸುವ ಯೂನಿಕೋಡ್ 1991ರಲ್ಲಿ ಮೊದಲು ಪ್ರಕಟವಾಯಿತು. ಅದರಲ್ಲೂ 'ಟ್ಟ' ಎಂಬುದು ಒಂದೇ ಆಕಾರವಾಗಿ ಕೂತಿಲ್ಲ. ಟ, ವಿರಾಮ, ಟ ಎಂಬ ಸಾಲಾಗಿಯೇ ಇದೆ.

ಒಗಟನ್ನು ಆಟವೆಂದು ಹಿಡಿದವರಿಗೆ ಇಂಥ ಉತ್ತರ ಸಿಗುತ್ತದೆ ಎಂದು ನನ್ನ ಅನಿಸಿಕೆ. ಇದಕ್ಕೆ ಜೊತೆಯಾಗಿ ಪಾಠದಲ್ಲಿ ನಾನು ಇನ್ನೊಬ್ಬರನ್ನೂ ಕರೆತಂದಿದ್ದೆ: ಅಮೆರಿಕದ ಕ್ಲಾಡ್ ಶಾನನ್. 1948ರಲ್ಲಿ ಮಾಹಿತಿಯನ್ನು ಅಳೆಯುವ ಗಣಿತ ಕೊಟ್ಟವರು. ಬೆಲ್ ಲ್ಯಾಬ್ಸ್‌ನ ಪಡಸಾಲೆಯಲ್ಲಿ ಒಂದೇ ಚಕ್ರದ ಸೈಕಲ್ ತುಳಿಯುತ್ತ ಓಡಾಡುತ್ತಿದ್ದ ಮನುಷ್ಯ. ಚೆಂಡುಗಳನ್ನು ಗಾಳಿಗೆ ಎಸೆದು ಹಿಡಿಯುವುದರಲ್ಲೂ ಪಳಗಿದವರು. ಒಂದು ಚಕ್ರದ ಸೈಕಲ್ ಎಂದೊಡನೆ ತರಗತಿಯಲ್ಲಿ ಗದ್ದಲ. ಕೈವಾರಕ್ಕೆ ಏಕಚಕ್ರಪುರ ಎಂಬ ಹೆಸರಿತ್ತು, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಎಂಬ ಸ್ಥಳಪುರಾಣವನ್ನು ಕೇಳಿಕೊಂಡೇ ಬೆಳೆದ ಮಕ್ಕಳು ಅವರು. "ಹಂಗಾದ್ರೆ ಅವರು ನಮ್ಮೂರೋರೇ ಮಿಸ್" ಎಂದ ಒಬ್ಬ.

ಶಾನನ್ 1950ರಲ್ಲಿ ಥೀಸಿಯಸ್ ಎಂಬ ಯಂತ್ರದ ಇಲಿ ಮಾಡಿದರು. ಅದು ಚಕ್ರವ್ಯೂಹದಂಥ ಗೂಡಿನಲ್ಲಿ ಅಲೆದು ಗುರಿ ಮುಟ್ಟುತ್ತಿತ್ತು. ಎರಡನೆಯ ಸಲ ಬಿಟ್ಟರೆ ಕಲಿತ ದಾರಿಯಲ್ಲೇ ನೇರವಾಗಿ ಹೋಗುತ್ತಿತ್ತು. ಇಲಿಯನ್ನು ನಡೆಸುತ್ತಿದ್ದದ್ದು ಹಲಗೆಯ ಕೆಳಗಿನ ಆಯಸ್ಕಾಂತ, ದಾರಿಯನ್ನು ನೆನಪಿಡುತ್ತಿದ್ದದ್ದು ಟೆಲಿಫೋನಿನ ರಿಲೇಗಳು. ರೋಮನ್ ಅಂಕಿಗಳಲ್ಲೇ ಲೆಕ್ಕ ಮಾಡುವ ಯಂತ್ರವನ್ನೂ ಕಟ್ಟಿದರು. ಅದರಿಂದ ಯಾರಿಗೆ ಏನು ಉಪಯೋಗ ಎಂದು ಕೇಳಿದರೆ ಉತ್ತರವಿಲ್ಲ. ಆದರೆ 1951ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಆಟ ನಮ್ಮ ತರಗತಿಗೆ ನೇರವಾಗಿ ಬರುತ್ತದೆ. ಒಂದು ವಾಕ್ಯವನ್ನು ಮುಚ್ಚಿಟ್ಟು, ಮುಂದಿನ ಅಕ್ಷರ ಯಾವುದೆಂದು ಒಂದೊಂದಾಗಿ ಊಹಿಸಲು ಹೇಳುವುದು. ಎಷ್ಟು ಸಲ ಊಹೆ ಸರಿಯಾಯಿತು ಎಂಬುದರಿಂದ ಭಾಷೆಯಲ್ಲಿ ಒಂದು ಅಕ್ಷರ ಎಷ್ಟು ಹೊಸ ಮಾಹಿತಿ ಹೊರುತ್ತದೆ ಎಂದು ಅವರು ಅಂದಾಜು ಕಟ್ಟಿದರು. ಈ ಯೋಚನೆ ಬೆಂಗಳೂರಿಗೂ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಭಾರತೀಯ ಭಾಷೆಗಳನ್ನು ಇದೇ ಅಳತೆಗೋಲಿನಿಂದ ಅಳೆದು 1962ರಲ್ಲಿ ಪುಸ್ತಕ ತಂದರು.

ಇನ್ನು ಪಾಠದ ವಿಷಯ. ಕಲಿಕಾಂಶ: ಆವೃತ್ತಿ ವಿತರಣಾ ಪಟ್ಟಿ. ಪಠ್ಯದಲ್ಲಿ ಅಂಕಗಳು, ಎತ್ತರ, ತೂಕ ಇವುಗಳ ದತ್ತಾಂಶ ಬರುತ್ತದೆ. ನಾನು ಬೋರ್ಡಿನ ಮೇಲೆ ಏಳು ಊರುಗಳ ಹೆಸರು ಬರೆದೆ: ನಮ್ಮ ಜಿಲ್ಲೆಯ ಹಳೆಯ ಆರು ತಾಲ್ಲೂಕುಗಳಾದ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಜೊತೆಗೆ ಕೈವಾರ. ಬರೆಯುವಾಗಲೇ ಶಾನನ್ ಆಟ. 'ಚಿ' ಬರೆದು ನಿಲ್ಲಿಸಿದರೆ ಅರ್ಧ ತರಗತಿ ಚಿಕ್ಕಬಳ್ಳಾಪುರ, ಇನ್ನರ್ಧ ಚಿಂತಾಮಣಿ. 'ಚಿಂತಾಮ' ಎಂದು ನಿಲ್ಲಿಸಿದರೆ ಎಲ್ಲರದೂ ಒಂದೇ ಉತ್ತರ. ಹಾಗಾದರೆ ಕೊನೆಯ 'ಣಿ' ನಮಗೆ ಹೊಸದಾಗಿ ಏನು ಹೇಳಿತು? "ಏನೂ ಇಲ್ಲ ಮಿಸ್, ನಮಗೆ ಗೊತ್ತಿತ್ತು." ಮಾಹಿತಿ ಎಂದರೇನು ಎಂಬುದಕ್ಕೆ ಇದಕ್ಕಿಂತ ಚಿಕ್ಕ ವಿವರಣೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ.

ಆಮೇಲೆ ಎಣಿಕೆ. ಏಳು ಹೆಸರುಗಳಲ್ಲಿ ಒಟ್ಟು 36 ವ್ಯಂಜನಗಳು, ಒತ್ತುಗಳನ್ನೂ ಸೇರಿಸಿ. ಬ ಮತ್ತು ರ ನಾಲ್ಕು ನಾಲ್ಕು ಸಲ. ಕ, ಗ, ಡ, ಲ ಮೂರು ಮೂರು ಸಲ. ಮಹಾಪ್ರಾಣ ಎಷ್ಟು? ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ, ಶಿಡ್ಲಘಟ್ಟದ ಘ. ಅದನ್ನೂ ಬಸ್ಸಿನವರು 'ಶಿಡ್ಲಗಟ್ಟ' ಎಂದೇ ಕೂಗುತ್ತಾರೆ ಎಂದು ಮಕ್ಕಳು ನೆನಪಿಸಿದರು. ಈಗ ಪ್ರಶ್ನೆ: ಕ ಮತ್ತು ಖ ಒಂದೇ ಕೀಲಿಯಲ್ಲಿ ಇರಬೇಕಾದರೆ ಶಿಫ್ಟ್ ಯಾವುದಕ್ಕೆ? ಉತ್ತರ ಪಟ್ಟಿಯಲ್ಲೇ ಇತ್ತು. ಹೆಚ್ಚು ಬರುವುದಕ್ಕೆ ಕಡಿಮೆ ಶ್ರಮ, ಅಪರೂಪಕ್ಕೆ ಬರುವುದಕ್ಕೆ ಸ್ವಲ್ಪ ಹೆಚ್ಚು. ಈ 36ರಲ್ಲಿ ಶಿಫ್ಟ್ ಬೇಕಾದವು ಐದೇ: ಎರಡು ಳ, ಒಂದೊಂದು ಣ, ಶ, ಘ. ಆವೃತ್ತಿ ಪಟ್ಟಿ ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ.

ಎರಡನೆಯ ಪಾಠ ಪಡಸಾಲೆಯಲ್ಲಿ. ಬಳಸಬಹುದಾದ ಕಂಪ್ಯೂಟರ್ ಎರಡು, ಮಕ್ಕಳು 38. ಹಾಗಾಗಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಕೀಲಿಮಣೆ ಬರೆದೆವು: ಮೇಲಿನ ಸಾಲಿನಲ್ಲಿ 10 ಮನೆ, ನಡುವೆ 9, ಕೆಳಗೆ 7. ಪಕ್ಕದಲ್ಲಿ ಶಿಫ್ಟ್ ಮನೆ. ಕುಂಟೆಬಿಲ್ಲೆಯ ಹಾಗೆ ಒಬ್ಬರು ಕುಂಟುತ್ತ ಕೀಲಿ ತುಳಿಯುವುದು, ಶಿಫ್ಟ್ ಬೇಕಾದಾಗ ಜೊತೆಗಾರರು ಆ ಮನೆಯಲ್ಲಿ ಕಾಲಿಡುವುದು. ಬೋರ್ಡಿನ ಹತ್ತಿರ ನಿಂತವರು ಕಂಪ್ಯೂಟರ್. ಕಂಪ್ಯೂಟರಿಗೆ ಒಂದೇ ನಿಯಮ: ಪ್ರತಿ ಕೀಲಿ ಬಿದ್ದ ಮೇಲೂ ಅಲ್ಲಿಯವರೆಗೆ ಆದದ್ದನ್ನು ಬರೆಯಬೇಕು, ಬೇಕಿದ್ದರೆ ಅಳಿಸಿ ಬರೆಯಬಹುದು.

ಮೊದಲ ಪದ ಕೈವಾರ. ಕೆ: ಬೋರ್ಡಿನ ಮೇಲೆ ಕ. ಶಿಫ್ಟ್ ಜೊತೆ ವೈ: ಕ ಅಳಿಸಿ ಕೈ. ವಿ: ಕೈವ. ಶಿಫ್ಟ್ ಜೊತೆ ಎ: ಕೈವಾ. ಆರ್: ಕೈವಾರ. ಐದು ಕೀಲಿ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಏಳು ಬೇಕು ಎಂದು ಒಬ್ಬಳು ಎಣಿಸಿದಳು. ಶಿಫ್ಟನ್ನೂ ಎಣಿಸಬೇಕೋ ಬೇಡವೋ ಎಂಬ ವಾದ ಎದ್ದಿತು. ಎಣಿಸಿದರೆ ಎರಡೂ ಕಡೆ ಏಳೇ. ಆದರೆ ಒಂದು ಕಡೆ ಪದ ಕನ್ನಡದಲ್ಲಿ ಬರುತ್ತದೆ. ಗೆಳೆಯರಿಗೆ ಕನ್ನಡವನ್ನೂ ತೆಲುಗನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವ ಮಕ್ಕಳು ಇವರು. "ಹಂಗೇ ಬೇಗ ಆಗುತ್ತೆ" ಎಂಬುದು ಅವರ ನಂಬಿಕೆ. ಆ ನಂಬಿಕೆಯನ್ನು ನಾನು ಉಪದೇಶದಿಂದ ಮುಟ್ಟಲಿಲ್ಲ, ಎಣಿಕೆ ತಾನಾಗಿ ಮುಟ್ಟಿತು.

ಮುಂದಿನ ಪದ ಸೂರ್ಯ. ಎಸ್: ಸ. ಶಿಫ್ಟ್ ಜೊತೆ ಯು: ಸೂ. ಆರ್: ಸೂರ. ಎಫ್: ಸೂರ್. ಈಗ ವೈ. ಬೋರ್ಡಿನ ಬಳಿ ಕಂಪ್ಯೂಟರ್ ಆಗಿದ್ದ ಹುಡುಗಿ ಸುಮ್ಮನೆ ನಿಂತಳು. ಅವಳ ಮನೆಮಾತು ತೆಲುಗು. ಉಕ್ತಲೇಖನದಲ್ಲಿ ಅರ್ಕಾವೊತ್ತು ಬಂದರೆ ಅದನ್ನು ಒಂದಕ್ಷರ ಮೊದಲೇ ಹಾಕುತ್ತಿದ್ದಳು ಎಂಬುದು ಅವಳ ನೋಟ್‌ಬುಕ್‌ನಲ್ಲಿ ಕಾಣುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ 'ರ್' ಅಳಿಸಿದಳು, ಯ ಬರೆದಳು, ಆಮೇಲೆ ಅದರ ಬಲಕ್ಕೆ ಅರ್ಕಾವೊತ್ತು ಇಟ್ಟಳು. ತಿರುಗಿ, "ಮಿಸ್, ಕೇಳೋದು ರ ಮೊದಲು, ಬರೆಯೋದು ಯ ಮೊದಲು. ಅದಕ್ಕೇ ಹಂಗಾಗ್ತಿತ್ತು" ಎಂದಳು. ಧೈರ್ಯ, ಕಾರ್ಯ, ವರ್ಷ ಎಂದು ಅವಳೇ ಪದ ಕೊಟ್ಟು ಅವಳೇ ಬರೆದಳು. ಕಿವಿಯ ಕ್ರಮ ಬೇರೆ, ಕೈಯ ಕ್ರಮ ಬೇರೆ. ಎರಡರ ನಡುವಿನ ಕೆಲಸವನ್ನು ಯಾರೋ ಮಾಡಬೇಕು. ಕೀಲಿಮಣೆಯ ಮುಂದೆ ಆ ಕೆಲಸ ಕಂಪ್ಯೂಟರಿನದು. ಪೆನ್ನು ಹಿಡಿದಾಗ ನಮ್ಮದು. ಕನ್ನಡ ಪಾಠದಲ್ಲಿ ನಿಯಮವಾಗಿ ಕೇಳಿದ್ದನ್ನು ಅವಳು ಇಲ್ಲಿ ಕೆಲಸವಾಗಿ ಮಾಡಿ ನೋಡಿದಳು.

ಕೂಡಲೇ ಇನ್ನೊಂದು ಪ್ರಶ್ನೆ ಬಂತು: "ತೆಲುಗಿಗೂ ಹಿಂಗೇ ಆಗುತ್ತಾ ಮಿಸ್?" ಆಗುತ್ತದೆ. ವ್ಯಂಜನಕ್ಕೆ ಸ್ವರ, ವ್ಯಂಜನಕ್ಕೆ ವ್ಯಂಜನ ಕೂಡುವ ರೀತಿ ಎರಡು ಲಿಪಿಗಳಲ್ಲೂ ಒಂದೇ. ಬೇರೆಯಾಗುವುದು ಕೊನೆಯಲ್ಲಿ ಮೂಡುವ ಆಕಾರ. ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ಊರಿನ ಮಕ್ಕಳಿಗೆ ಇದು ದೊಡ್ಡ ಸುದ್ದಿಯೇನಲ್ಲ. ಆದರೂ ಮನೆಯ ಮಾತನ್ನು ಶಾಲೆಯ ಹೊಸಿಲ ಹೊರಗೆ ಬಿಟ್ಟು ಬರಬೇಕಿಲ್ಲ ಎಂಬುದು ಗಣಿತದ ಪೀರಿಯಡ್‌ನಲ್ಲಿ ಅವರಿಗೆ ಸಿಕ್ಕಿತು.

ಪಾಠ ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಿ ಶಿಕ್ಷಕರು ಮುಗಿದ ಮೇಲೆ ಕೇಳಿದರು: "ನೋಡಮ್ಮ, ಮಕ್ಕಳು ಖುಷಿಯಾಗಿದ್ದರು, ಒಪ್ಪಿದೆ. ಆದರೆ ಪೀರಿಯಡ್ ಗಣಿತದ್ದು. ಇದು ಗಣಿತವೋ, ಕನ್ನಡವೋ, ಕಂಪ್ಯೂಟರೋ? ಪರೀಕ್ಷೆಗೆ ಇದು ಹೇಗೆ ಬರುತ್ತೆ?" ನ್ಯಾಯವಾದ ಪ್ರಶ್ನೆ. ಗದ್ದಲ ಪಕ್ಕದ ತರಗತಿಗೂ ಕೇಳಿಸಿತ್ತು. ವೀಕ್ಷಣಾ ನಮೂನೆಯಲ್ಲಿ 'ತರಗತಿ ನಿರ್ವಹಣೆ' ಎಂಬ ಕಾಲಂ ಇದೆ, ಆಟಕ್ಕೆ ಕಾಲಂ ಇಲ್ಲ. ನನ್ನ ಉತ್ತರ ಇಷ್ಟೇ ಆಗಿತ್ತು: "ಸರ್, ಆವೃತ್ತಿ ಪಟ್ಟಿ ಎಲ್ಲರ ನೋಟ್‌ಬುಕ್‌ನಲ್ಲೂ ಇದೆ. ಪಠ್ಯದ ಅಭ್ಯಾಸದ ಲೆಕ್ಕ ನಾಳೆ ಕೊಡುತ್ತೇನೆ." ಮರುದಿನ ಅವರೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮಕ್ಕಳು ಲೆಕ್ಕ ಮಾಡಿದರು. ಗೀಟು ಹಾಕಿ ಎಣಿಸುವ ವಿಧಾನವನ್ನು ನಾನು ಮತ್ತೆ ಹೇಳಬೇಕಾಗಲಿಲ್ಲ. ಅವರು ನಮೂನೆಯ ಕೊನೆಯಲ್ಲಿ "ಭಾಷಾ ಶಿಕ್ಷಕರ ಜೊತೆ ಸೇರಿ ಮಾಡಬಹುದು" ಎಂದು ಬರೆದರು. ಆ ಸಲಹೆಯನ್ನು ನಾನು ಈ ಲೇಖನದಲ್ಲಿ ನಿಮ್ಮೆಲ್ಲರಿಗೂ ದಾಟಿಸುತ್ತಿದ್ದೇನೆ.

5ಇ ಮಾದರಿಯಲ್ಲಿ ನಾವು 'ಅನ್ವೇಷಣೆ' ಎಂಬ ಹಂತಕ್ಕೆ ಹತ್ತು ನಿಮಿಷ ಬರೆಯುತ್ತೇವೆ. ಎಷ್ಟೋ ಪಾಠಯೋಜನೆಗಳಲ್ಲಿ ಆ ಹತ್ತು ನಿಮಿಷದ ಉತ್ತರ ಮೊದಲೇ ಬರೆದಿರುತ್ತದೆ. ಮಕ್ಕಳು ಅದನ್ನು ಮುಟ್ಟಿದರೆ ಸಾಕು. ಕೆ.ಪಿ. ರಾವ್ ಅವರ ಕೆಲಸವನ್ನು ಪಾಠವಾಗಿ ನೋಡಿದಾಗ ನನಗೆ ಕಾಣುವುದು ಬೇರೆ. ಯಂತ್ರದಲ್ಲಿ ಇಷ್ಟೇ ಕೀಲಿ ಇದೆ, ಕನ್ನಡ ಇದರಲ್ಲಿ ಹಿಡಿಸದು ಎಂದು ಅವರು ಕನ್ನಡವನ್ನು ಕತ್ತರಿಸಲಿಲ್ಲ. ಅಕ್ಷರ ಯಾವುದರಿಂದ ಆಗಿದೆ ಎಂದು ಬಿಚ್ಚಿ ನೋಡಿದರು. ಮಗು ಗೊಂಬೆಯನ್ನು ಬಿಚ್ಚುವುದೂ ಹೀಗೆಯೇ. ಬಿಚ್ಚಿದ ಮೇಲೆ ಸಿಕ್ಕಿದ್ದು ಹೊಸದೇನಲ್ಲ. ನಮ್ಮ ಹಳೆಯ ವರ್ಣಮಾಲೆಯೇ, ಕಾಗುಣಿತವೇ. ಒಂದನೇ ತರಗತಿಯಲ್ಲಿ ರಾಗವಾಗಿ ಹೇಳುವ ಕಾಗುಣಿತ ಒಂದು ಕ್ರಮವಿಧಿ ಎಂಬುದನ್ನು ಬಿಎಸ್ಸಿ ಮುಗಿಸುವ ಹೊತ್ತಿಗೂ ನಮಗೆ ಯಾರೂ ಹೇಳಿರುವುದಿಲ್ಲ. ಕೀಲಿಮಣೆ ಅದನ್ನು ಹೇಳುತ್ತದೆ, ಅದರ ಮುಂದೆ ಮಗುವನ್ನು ಸ್ವಲ್ಪ ಹೊತ್ತು ಬಿಟ್ಟರೆ.

ಪಾಠವನ್ನು ಮಾಡಿ ನೋಡಲು ಬಯಸುವ ಸಹಪಾಠಿಗಳಿಗೆ ಎರಡು ಮಾತು. ಮೊದಲು ಎಣಿಕೆ, ಆಮೇಲೆ ಕೀಲಿಮಣೆ. ತಿರುಗಿಸಿದರೆ ಶಿಫ್ಟ್ ಎಲ್ಲಿ, ಯಾಕೆ ಎಂಬ ಪ್ರಶ್ನೆಗೆ ಬೆಲೆ ಇರುವುದಿಲ್ಲ. ಕಂಪ್ಯೂಟರ್ ಆಗುವ ಕೆಲಸವನ್ನು ಚುರುಕಾದವರಿಗೇ ಕೊಡಬೇಡಿ. ಒತ್ತಕ್ಷರದಲ್ಲಿ ಎಡವುವವರಿಗೆ ಕೊಡಿ. ಅಳಿಸಿ ಬರೆಯುವುದು ಅಲ್ಲಿ ತಪ್ಪಲ್ಲ, ಆಟದ ನಿಯಮವೇ ಅದು.

ಕೊನೆಯಲ್ಲಿ ಮನೆಗೆಲಸವಾಗಿ ಒಂದೇ ಪ್ರಶ್ನೆ ಕೊಟ್ಟೆ: 52 ಮನೆಗಳಲ್ಲಿ ಉಳಿದಿರುವ ಎರಡಕ್ಕೆ ನೀವಾದರೆ ಏನನ್ನು ಕೂರಿಸುತ್ತೀರಿ, ಯಾಕೆ? ಒಬ್ಬ ರೂಪಾಯಿ ಗುರುತು ಎಂದು ಬರೆದು ತಂದ. ಒಬ್ಬಳು ನಗುವ ಮುಖ ಬಿಡಿಸಿದ್ದಳು. ಇಬ್ಬರು ಮಾತಾಡಿಕೊಂಡು ಬರೆದದ್ದು ಹೀಗಿತ್ತು: "ಕಾಫಿಯ ಫ. ಎಫ್ ಕೀಲಿಯನ್ನು ಒತ್ತಿಗೆ ಕೊಟ್ಟಾಯಿತು, ಆದರೆ ನಾವು ಈಗ ಕಾಫಿ, ಫೋನು, ಫೀಸು ಎಲ್ಲ ಅಂತೀವಿ. ಫಲದ ಫ ಬೇರೆ, ಕಾಫಿಯ ಫ ಬೇರೆ." ಅದಕ್ಕೆ ನಾನು ಪೂರ್ಣ ಅಂಕ ಕೊಟ್ಟೆ, ಕೆಳಗೆ ಒಂದು ಪ್ರಶ್ನೆಯನ್ನೂ ಬರೆದೆ: ದಿನಪತ್ರಿಕೆಯ ಒಂದು ಪುಟದಲ್ಲಿ ಎಷ್ಟು ಸಲ ಬರುತ್ತದೆ, ಎಣಿಸಿ ತೋರಿಸುತ್ತೀರಾ?